ಕೈಗೆ ಕರೆಂಟ್ ಕೊಟ್ಟರೆ ಮಗು ಎಚ್ಚರವಾಗುತ್ತದೆಯೇ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಮೆದುಳಿಗೆ ತೀವ್ರ ಪೆಟ್ಟಾದ ಮಕ್ಕಳಿಗೆ ನರಗಳ ಮೂಲಕ ಕೊಡುವ ವಿದ್ಯುತ್ ಚಿಕಿತ್ಸೆಯ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ. ಉತ್ತರಿಸಿದವರು ಮಕ್ಕಳ ನರರೋಗ ವೈದ್ಯರು ಮತ್ತು ಫಿಸಿಯೊಥೆರಪಿಸ್ಟರು.

ಪ್ರಶ್ನೆ: ಮಗನಿಗೆ 9 ವರ್ಷ. ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಏಳು ವಾರವಾಯಿತು. ವೆಂಟಿಲೇಟರ್ ತೆಗೆದಿದ್ದಾರೆ. ಕಣ್ಣು ಬಿಡುತ್ತಾನೆ, ಆದರೆ ನಮ್ಮನ್ನು ನೋಡುವುದಿಲ್ಲ. ಬಲಗೈ ಮಣಿಕಟ್ಟಿಗೆ ದಿನಾ ಕರೆಂಟ್ ಕೊಟ್ಟರೆ ಏಳುತ್ತಾನೆ ಎನ್ನುತ್ತಾರೆ. ಪೆಟ್ಟು ಬಿದ್ದದ್ದು ತಲೆಗೆ, ಕೈಗೆ ಕರೆಂಟ್ ಕೊಟ್ಟರೆ ಏನು ಬಂತು?

ಮಣಿಕಟ್ಟಿನ ಒಳಮಗ್ಗುಲಲ್ಲಿ ಮೀಡಿಯನ್ ನರ ಹಾದುಹೋಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ಸ್ಪರ್ಶವನ್ನು ಮೇಲಕ್ಕೆ ಒಯ್ಯುವುದು ಇದೇ ನರ. ಮೆದುಳಿನ ಹೊರಪದರದಲ್ಲಿ ಕೈಬೆರಳುಗಳಿಗೆ ಸಿಕ್ಕಿರುವ ಜಾಗ ಮೈಯ ಅಳತೆಗೆ ತಾಳೆಯೇ ಆಗದಷ್ಟು ದೊಡ್ಡದು. ಮಣಿಕಟ್ಟಿನಲ್ಲಿ ಹುಟ್ಟಿಸಿದ ಸಂಕೇತ ಬೆನ್ನುಹುರಿ ಹತ್ತಿ, ಮೆದುಳುಕಾಂಡ ದಾಟಿ, ಥಾಲಮಸ್ ಎಂಬ ಕೂಡುಹಾದಿಯಿಂದ ಹೊರಪದರಕ್ಕೆ ಹೋಗುತ್ತದೆ. ನಮ್ಮನ್ನು ಎಚ್ಚರವಾಗಿಡುವ ನರಜಾಲ ಇರುವುದು ಆ ಮೆದುಳುಕಾಂಡದಲ್ಲೇ. ದಾರಿಯಲ್ಲಿ ಅದನ್ನೂ ಮತ್ತೆ ಮತ್ತೆ ತಟ್ಟಿದರೆ ಎದ್ದೀತು ಎಂಬುದು ಈ ಚಿಕಿತ್ಸೆಯ ಹಿಂದಿನ ತರ್ಕ. ಬಲಗೈಯನ್ನೇ ಆರಿಸುವುದಕ್ಕೂ ಕಾರಣವಿದೆ. ಬಲಗೈಯ ಸುದ್ದಿ ಹೋಗುವುದು ಎಡ ಮೆದುಳಿಗೆ, ಹೆಚ್ಚಿನವರಲ್ಲಿ ಮಾತಿನ ಕೇಂದ್ರ ಇರುವುದೂ ಅಲ್ಲೇ.

ತರ್ಕ ಚೆನ್ನಾಗಿದೆ, ಪುರಾವೆ ಅಷ್ಟು ಚೆನ್ನಾಗಿಲ್ಲ. 1990ರ ದಶಕದಲ್ಲಿ ಅಮೆರಿಕ, ಜಪಾನ್‌ಗಳಲ್ಲಿ ಸಣ್ಣ ಪ್ರಮಾಣದಲ್ಲಿ ಶುರುವಾದ ಈ ಕೆಲಸದಲ್ಲಿ ದೊಡ್ಡ ಪರೀಕ್ಷೆಯ ಫಲಿತಾಂಶ ಪ್ರಕಟವಾದದ್ದು 2023ರಲ್ಲಿ. ತಲೆಗೆ ಪೆಟ್ಟಾಗಿ ಕೋಮಾದಲ್ಲಿದ್ದ 329 ಮಂದಿ ಅದರಲ್ಲಿದ್ದರು. ಒಂದು ಗುಂಪಿಗೆ ದಿನಕ್ಕೆ 8 ಗಂಟೆಯಂತೆ 2 ವಾರ ಕರೆಂಟ್ ಕೊಟ್ಟರು. ಆರು ತಿಂಗಳಿಗೆ ಆ ಗುಂಪಿನಲ್ಲಿ ನೂರಕ್ಕೆ ಸುಮಾರು 72 ಮಂದಿಗೆ ಪ್ರಜ್ಞೆ ಮರಳಿತ್ತು, ಕೊಡದ ಗುಂಪಿನಲ್ಲಿ ಸುಮಾರು 57. ಗಮನಾರ್ಹ ವ್ಯತ್ಯಾಸವೇ. ಆದರೆ ಅವರೆಲ್ಲ ವಯಸ್ಕರು, ಪೆಟ್ಟಾದ ಹೊಸತರಲ್ಲೇ ಚಿಕಿತ್ಸೆ ಪಡೆದವರು. ಮಕ್ಕಳಲ್ಲಿ ಈ ಗಾತ್ರದ ಪರೀಕ್ಷೆ ನಡೆದಿಲ್ಲ. ದೀರ್ಘಕಾಲ ಪ್ರಜ್ಞೆ ಮರಳದ ರೋಗಿಗಳ ಬಗ್ಗೆ ಅಮೆರಿಕದ ನರರೋಗ ತಜ್ಞರ ಸಂಘ 2018ರಲ್ಲಿ ಹೊರತಂದ ಮಾರ್ಗಸೂಚಿಯೂ, ಮಕ್ಕಳಲ್ಲಿ ಗುಣ ಸಾಬೀತಾದ ಚಿಕಿತ್ಸೆ ಒಂದೂ ಇಲ್ಲ ಎಂದೇ ಹೇಳಿತು.

ಇನ್ನೊಂದು ಮಾತು. ಕಣ್ಣು ಬಿಡುತ್ತಾನೆ ಎಂದಮೇಲೆ ನಿಮ್ಮ ಮಗ ಕೋಮಾದಲ್ಲಿಲ್ಲ. ಕೋಮಾ ಎಂದರೆ ಕಣ್ಣೇ ಬಿಡದ ಸ್ಥಿತಿ. ಎಚ್ಚರ ಬಂದಿದೆ, ಅರಿವು ಇನ್ನೂ ಕಾಣಿಸಿಲ್ಲ. ನಿಜಕ್ಕೂ ಅರಿವಿಲ್ಲವೋ, ಆಗೊಮ್ಮೆ ಈಗೊಮ್ಮೆ ಮಿನುಗಿ ಹೋಗುತ್ತಿದೆಯೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಅಳೆಯುವ ಬಗೆ ಮುಂದೆ ಬರುತ್ತದೆ.

ಪ್ರಶ್ನೆ: ನಾವು ಕರೆಂಟ್ ಚಿಕಿತ್ಸೆ ಕೇಳಿದರೆ ಡಾಕ್ಟರು 'ಮೊದಲು ಔಷಧಿ ಪಟ್ಟಿ ನೋಡೋಣ' ಎಂದು ಮುಂದೂಡುತ್ತಿದ್ದಾರೆ. ಸಮಯ ಹಾಳಾಗುವುದಿಲ್ಲವೇ?

ಹಾಳಾಗುವುದಿಲ್ಲ. ನಿಮ್ಮ ಡಾಕ್ಟರು ಸರಿಯಾದ ತುದಿಯಿಂದಲೇ ಹಿಡಿದಿದ್ದಾರೆ. ಒಂದು ಕೈಯಲ್ಲಿ ಜೋಗುಳ ಹಾಡುತ್ತ ಇನ್ನೊಂದು ಕೈಯಲ್ಲಿ ತಟ್ಟಿ ಎಬ್ಬಿಸಿದ ಹಾಗಾಗಬಾರದು.

ಇಂಥ ಮಕ್ಕಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಏನಿರುತ್ತದೆ ನೋಡಿ: ಬಿಗಿತಕ್ಕೆ ಬ್ಯಾಕ್ಲೊಫೆನ್, ಫಿಟ್ಸ್‌ಗೆ ಫಿನೊಬಾರ್ಬಿಟೋನ್ ಅಥವಾ ಕ್ಲೊನಾಜೆಪಾಮ್, ವಾಂತಿಗೆ ಮೆಟೊಕ್ಲೊಪ್ರಮೈಡ್, ನೆಗಡಿಗೆಂದು ಯಾರೋ ಸೇರಿಸಿದ ಸಿರಪ್. ಮೊದಲ ಮೂರೂ ನಿದ್ದೆ ಬರಿಸುತ್ತವೆ. ಮೆಟೊಕ್ಲೊಪ್ರಮೈಡ್ ಎಚ್ಚರಕ್ಕೆ ಬೇಕಾದ ಡೋಪಮಿನ್ ಎಂಬ ಮೆದುಳಿನ ರಾಸಾಯನಿಕಕ್ಕೇ ತಡೆಯೊಡ್ಡುತ್ತದೆ. ನೆಗಡಿ ಸಿರಪ್‌ನಲ್ಲಿ ಮಂಪರು ತರುವ ಔಷಧಿ ಇರುವುದು ಹೆಚ್ಚು. ಐಸಿಯುನಲ್ಲಿ ಅಗತ್ಯಕ್ಕೆ ಶುರು ಮಾಡಿದ್ದನ್ನು ವಾರ್ಡಿನಲ್ಲಿ ಯಾರೂ ನಿಲ್ಲಿಸದೆ ಮುಂದುವರಿಯುವುದು ಎಲ್ಲ ಕಡೆ ಇರುವ ಪಾಡು. ಹಾಗೆಂದು ನೀವೇ ನಿಲ್ಲಿಸಬೇಡಿ. ಬ್ಯಾಕ್ಲೊಫೆನ್, ಫಿನೊಬಾರ್ಬಿಟೋನ್, ಕ್ಲೊನಾಜೆಪಾಮ್‌ಗಳನ್ನು ಥಟ್ಟನೆ ಬಿಟ್ಟರೆ ಫಿಟ್ಸ್ ತಿರುಗಿ ಬೀಳುತ್ತದೆ. ಬ್ಯಾಕ್ಲೊಫೆನ್ ಬಿಟ್ಟಾಗ ಬಿಗಿತ ಮೊದಲಿಗಿಂತ ಜೋರಾಗಿ, ಜ್ವರವೂ ಏರಬಹುದು. ಹಂತ ಹಂತವಾಗಿಯೇ ಇಳಿಸಬೇಕು.

ಔಷಧಿ ಆದಮೇಲೆ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ದಾಖಲೆ. ಕೈಕಾಲು ಅದುರದೆ ಒಳಗೊಳಗೇ ನಡೆಯುವ ಫಿಟ್ಸ್ ಮಗುವನ್ನು ಮಂಕಾಗಿ ಮಲಗಿಸಿರುತ್ತದೆ, ಅದು ಹೊರಗಿನಿಂದ ಗೊತ್ತಾಗುವುದಿಲ್ಲ. ನಂತರ ಸ್ಕ್ಯಾನ್: ಮೆದುಳಿನ ಕುಹರಗಳಲ್ಲಿ ನೀರು ತುಂಬಿಕೊಳ್ಳುತ್ತಿದ್ದರೆ ಅದನ್ನು ಹೊರಗೊಯ್ಯುವ ಶಂಟ್ ಎಂಬ ನಳಿಗೆ ಹಾಕಿದ ಮೇಲೆ ಮಗು ತಾನಾಗಿ ಕಣ್ಣರಳಿಸುವುದುಂಟು. ರಕ್ತದಲ್ಲಿ ಸೋಡಿಯಂ, ಥೈರಾಯ್ಡ್, ಕಾರ್ಟಿಸಾಲ್ ನೋಡಬೇಕು, ತಲೆಯ ಪೆಟ್ಟಿಗೆ ಇವನ್ನು ಹತೋಟಿಯಲ್ಲಿಡುವ ಪಿಟ್ಯುಟರಿ ಗ್ರಂಥಿ ಸೊರಗುವುದುಂಟು. ಕೊನೆಯದಾಗಿ ಕಿವಿ, ಕಣ್ಣು. ಕಿವಿಯೇ ಕೇಳದ ಮಗು 'ಕಣ್ಣು ಮುಚ್ಚು' ಎಂದರೆ ಮುಚ್ಚೀತು ಹೇಗೆ? ಈ ಇಷ್ಟರಲ್ಲಿ ಒಂದು ಸಿಕ್ಕಿದರೂ ಅದರಿಂದಾಗುವ ಲಾಭ ಕರೆಂಟ್‌ನಿಂದ ಆಗುವುದಕ್ಕಿಂತ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ಎಚ್ಚರಕ್ಕೆಂದೇ ಕೊಡುವ ಔಷಧಿಯೂ ಇದೆ, ಅಮಾಂಟಡಿನ್. ತಲೆಗೆ ಪೆಟ್ಟಾದ 184 ಮಂದಿಯಲ್ಲಿ ನಾಲ್ಕು ವಾರ ಕೊಟ್ಟಾಗ ಚೇತರಿಕೆಯ ವೇಗ ಹೆಚ್ಚಿತು ಎಂದು 2012ರ ಅಧ್ಯಯನ ತೋರಿಸಿತು. ಅಲ್ಲಿದ್ದವರೂ 16 ವರ್ಷ ದಾಟಿದವರೇ. ಮಕ್ಕಳಿಗೆ ಕೊಡುವುದುಂಟು, ಫಿಟ್ಸ್ ಮೇಲೆ ಕಣ್ಣಿಟ್ಟು. ರಾತ್ರಿ ನಿದ್ದೆ ಕೆಡದಿರಲೆಂದು ಬೆಳಗ್ಗೆ, ಮಧ್ಯಾಹ್ನ ಮಾತ್ರ.

ಪ್ರಶ್ನೆ: ನಾನು ಫಿಸಿಯೊಥೆರಪಿಸ್ಟ್. ಮಕ್ಕಳಿಗೆ ಮೀಡಿಯನ್ ನರದ ಪ್ರಚೋದನೆ ಕೊಡುವಾಗ ಸೆಟ್ಟಿಂಗ್ ಏನಿರಬೇಕು? ಪ್ಯಾಡ್ ಕೆಳಗೆ ಚರ್ಮ ಕೆಂಪಾಗುತ್ತಿದೆ.

ವಯಸ್ಕರಲ್ಲಿ ಬಳಕೆಯಲ್ಲಿರುವ ಲೆಕ್ಕ ಹೀಗಿದೆ: 40 ಹರ್ಟ್ಜ್ (ಸೆಕೆಂಡಿಗೆ 40 ಮಿಡಿತ), ಒಂದೊಂದು ಮಿಡಿತ 300 ಮೈಕ್ರೋಸೆಕೆಂಡ್, 15ರಿಂದ 20 ಮಿಲಿ ಆಂಪಿಯರ್, 20 ಸೆಕೆಂಡ್ ಕೊಟ್ಟು 40 ಸೆಕೆಂಡ್ ಬಿಡುವು, ದಿನಕ್ಕೆ 8 ಗಂಟೆ. 8 ಗಂಟೆ ಎಂದಾಕ್ಷಣ ಮನೆಯವರು ಗಾಬರಿಯಾಗುತ್ತಾರೆ, ಅವರಿಗೆ ಈ ಗುಣಾಕಾರ ತೋರಿಸಿ. 8 ಗಂಟೆಯಲ್ಲಿ 480 ಸುತ್ತು, ಸುತ್ತಿಗೆ 800 ಮಿಡಿತ. ಪ್ರತಿ ಮಿಡಿತದ 300 ಮೈಕ್ರೋಸೆಕೆಂಡನ್ನು ಕೂಡಿಸುತ್ತ ಹೋದರೆ ಇಡೀ ದಿನಕ್ಕೆ ಬರುವುದು 115 ಸೆಕೆಂಡ್, ಎರಡು ನಿಮಿಷವೂ ಇಲ್ಲ.

ಮಕ್ಕಳಿಗೆ ಮಿಲಿ ಆಂಪಿಯರ್ ಅಂಕಿಯನ್ನು ಹಾಗೇ ನಕಲು ಮಾಡಬೇಡಿ. 1 ಮಿಲಿ ಆಂಪಿಯರ್‌ನಿಂದ ಶುರುಮಾಡಿ ಒಂದೊಂದೇ ಏರಿಸಿ, ಹೆಬ್ಬೆರಳಿನ ಬುಡ ಸಣ್ಣಗೆ ಅದುರಿದ ಕಡೆ ನಿಲ್ಲಿಸಿ. ಆ ಅದುರು ಕಂಡರೆ ನರ ಸಿಕ್ಕಿದೆ ಎಂದು ಅರ್ಥ, ಅದಕ್ಕಿಂತ ಹೆಚ್ಚು ಬೇಕಿಲ್ಲ. ಕಿರುಬೆರಳು ಅಲುಗಿದರೆ ಪ್ಯಾಡ್ ಕಿರುಬೆರಳಿನ ಕಡೆಗೆ ಜಾರಿ ಅಲ್ನರ್ ನರಕ್ಕೆ ಹತ್ತಿದೆ. ಇಡೀ ಮುಷ್ಟಿ ಬಿಗಿದರೆ ಒಂದೋ ಕರೆಂಟ್ ಜಾಸ್ತಿ, ಇಲ್ಲವೇ ಪ್ಯಾಡ್ ಮೇಲಕ್ಕೆ ಸರಿದು ಮುಂಗೈ ಸ್ನಾಯುವಿನ ಮೇಲೆ ಕೂತಿದೆ. ಮೊದಲ ದಿನ 15-20 ನಿಮಿಷ ಸಾಕು. ಯಾವ ತೊಂದರೆಯೂ ಕಾಣದಿದ್ದರೆ ನಾಲ್ಕೈದು ದಿನದಲ್ಲಿ ಪೂರ್ತಿ ಅವಧಿಗೆ ಏರಿಸಿ. ಕೊಡುವುದು ಹಗಲಲ್ಲಿ ಮಾತ್ರ. ರಾತ್ರಿಯೂ ತಟ್ಟುತ್ತಿದ್ದರೆ ಹಗಲು-ರಾತ್ರಿಯ ಲಯ ಮರಳುವುದೇ ಇಲ್ಲ.

ಇನ್ನು ಕೆಂಪು. ಮಣಿಕಟ್ಟು ಚಿಕ್ಕದು, ದೊಡ್ಡವರ 5 ಸೆಂ.ಮೀ. ಪ್ಯಾಡ್ ಅಲ್ಲಿ ಸುತ್ತಿಕೊಂಡು ಅಂಚು ಎದ್ದುಬಿಡುತ್ತದೆ. 3 ಸೆಂ.ಮೀ.ನ ಚೌಕ ಪ್ಯಾಡ್ ತೆಗೆದುಕೊಂಡರೆ ಅಂಟುವ ಜಾಗ 9 ಚದರ ಸೆಂ.ಮೀ. ಅರ್ಧ ಎದ್ದರೆ ಉಳಿಯುವುದು ನಾಲ್ಕೂವರೆ. ಒಂದೇ ಪ್ರಮಾಣದ ಕರೆಂಟ್ ಕೊಡುವಂತೆ ಮಾಡಿರುವ ಯಂತ್ರ ಅಷ್ಟನ್ನೂ ಆ ಅರ್ಧದ ಮೂಲಕವೇ ನುಗ್ಗಿಸುತ್ತದೆ, ಚರ್ಮದ ಮೇಲಿನ ಒತ್ತಡ ಇಮ್ಮಡಿಯಾಗುತ್ತದೆ. 'ಉರಿ' ಎಂದು ಹೇಳಲಾಗದ ಮಗುವಿನಲ್ಲಿ ಸುಡುವುದು ಹೀಗೆಯೇ. ಎಣ್ಣೆ, ಪೌಡರ್ ತೊಳೆದು ಒರೆಸಿ ಒಣಗಿಸಿದ ಮೇಲೆ ಅಂಟಿಸಿ. ಎರಡು ಪ್ಯಾಡ್‌ಗಳ ಅಂಚಿನ ನಡುವೆ ಕನಿಷ್ಠ 2 ಸೆಂ.ಮೀ. ಬಿಡಿ, ಬೆವರಿನಲ್ಲಿ ಒಂದಕ್ಕೊಂದು ಕೂಡಿಕೊಂಡರೆ ಕರೆಂಟ್ ನರದವರೆಗೆ ಇಳಿಯದೆ ಚರ್ಮದ ಮೇಲೆಯೇ ಹರಿಯುತ್ತದೆ. ಜೆಲ್ ಒಣಗಿದ ಪ್ಯಾಡನ್ನು ನೀರು ಹಚ್ಚಿ ಮತ್ತೆ ಬಳಸುವ ಉಳಿತಾಯ ಬೇಡ. ಮೊದಲ ಗಂಟೆ ಆದಮೇಲೆ, ಆಮೇಲೆ ಎರಡು ಗಂಟೆಗೊಮ್ಮೆ ಯಂತ್ರ ನಿಲ್ಲಿಸಿ ಪ್ಯಾಡ್ ಎತ್ತಿ ನೋಡಿ. ಅರ್ಧ ಗಂಟೆಯಲ್ಲಿ ಮಾಸುವ ತಿಳಿಗೆಂಪು ಪರವಾಗಿಲ್ಲ. ಮಾಸದಿದ್ದರೆ, ಗುಳ್ಳೆ ಎದ್ದರೆ ಆ ಜಾಗಕ್ಕೆ ಪೂರ್ತಿ ವಿರಾಮ. ಅದೇ ಮಣಿಕಟ್ಟಿನಲ್ಲಿ ಸೂಜಿ ಅಥವಾ ರಕ್ತದೊತ್ತಡ ನೋಡುವ ನಳಿಗೆ ಇದ್ದರೆ ಅದು ತೆಗೆಯುವವರೆಗೆ ಕಾಯಿರಿ.

ಇನ್ನೊಂದು: ಕರೆಂಟ್ ಓಡುವ 20 ಸೆಕೆಂಡ್ ಇಸಿಜಿ ಮಾನಿಟರ್ ಹುಚ್ಚುಹುಚ್ಚಾಗಿ ಗೀಚಬಹುದು. ಗೀಚು 40 ಸೆಕೆಂಡಿನ ಬಿಡುವಿನಲ್ಲೂ ಮುಂದುವರಿದರೆ ಅದು ಯಂತ್ರದ್ದಲ್ಲ, ಮಗುವಿನದು. ಕೂಡಲೇ ನರ್ಸ್ ಕರೆಯಿರಿ.

ಪ್ರಶ್ನೆ: ಮನೆಯಲ್ಲಿ ಸೊಂಟನೋವಿಗೆ ತಂದ ಟೆನ್ಸ್ ಯಂತ್ರವಿದೆ. ಅದನ್ನೇ ಹಚ್ಚಬಹುದೇ?

ಬೇಡ. ಪೆಟ್ಟಿಗೆ ನೋಡಲು ಒಂದೇ ತರಹ, ಒಳಗಿನ ಹೂರಣ ಬೇರೆ. ನೋವಿಗೆ ಸಾಮಾನ್ಯವಾಗಿ 80-100 ಹರ್ಟ್ಜ್ ಇಡುತ್ತಾರೆ. ಅಗ್ಗದ ಯಂತ್ರಗಳಲ್ಲಿ 20 ಸೆಕೆಂಡ್ ಕೊಟ್ಟು 40 ಸೆಕೆಂಡ್ ಬಿಡುವ ಸರದಿ ಇರುವುದಿಲ್ಲ, ಎಷ್ಟು ಕರೆಂಟ್ ಹೋಗುತ್ತಿದೆ ಎಂಬ ಅಂಕಿಯೂ ಕಾಣುವುದಿಲ್ಲ, ಗುಂಡಿಗೆ ಕೈ ತಾಗಿದರೆ ತಟಕ್ಕನೆ ಏರಿಬಿಡುತ್ತದೆ. ಯಾವ ಯಂತ್ರವೇ ಆದರೂ ಕತ್ತಿನ ಮುಂಭಾಗಕ್ಕೆ, ಎದೆಯ ಅಡ್ಡಕ್ಕೆ, ತಲೆಗೆ ಪ್ಯಾಡ್ ಅಂಟಿಸಲೇಬಾರದು. ಕತ್ತಿನ ಮುಂದೆ ಕೊಟ್ಟ ಕರೆಂಟ್ ನಾಡಿಬಡಿತವನ್ನೇ ಕುಸಿಯುವಂತೆ ಮಾಡಬಹುದು.

ಪ್ರಶ್ನೆ: ಕರೆಂಟ್ ಶುರುವಾದ ಮೂರನೇ ದಿನದಿಂದ ಮಗಳಿಗೆ ಮೈಯೆಲ್ಲ ಬೆವರು, ನಾಡಿ 170, ಕೈಕಾಲು ಸೆಟೆಯುತ್ತವೆ. 'ಎಚ್ಚರವಾಗುವ ಲಕ್ಷಣ, ನಿಲ್ಲಿಸಬೇಡಿ' ಎನ್ನುತ್ತಾರೆ ಒಬ್ಬರು.

ನಿಲ್ಲಿಸಿ. ಇದು ಎಚ್ಚರವಲ್ಲ. ಮೆದುಳಿನ ಹಿಡಿತ ತಪ್ಪಿದ ಸಿಂಪಥೆಟಿಕ್ ನರವ್ಯೂಹದ (ನಾಡಿ, ಬೆವರುಗಳನ್ನು ಏರಿಸುವ ನರಜಾಲದ) ಬಿರುಗಾಳಿ ಆಗಿರುವ ಸಂಭವವೇ ಹೆಚ್ಚು. ನಾಡಿ, ಉಸಿರು, ಬಿಪಿ, ಜ್ವರ, ಬೆವರು ಒಟ್ಟಿಗೆ ಏರುತ್ತವೆ, ಮೈ ಬಿಲ್ಲಿನಂತೆ ಬಾಗುತ್ತದೆ. ತೀವ್ರ ಪೆಟ್ಟಾದ ಮಕ್ಕಳಲ್ಲಿ ಇದು ಅಪರೂಪವೇನಲ್ಲ. ಮುಟ್ಟಿದರೆ, ಕಫ ತೆಗೆದರೆ, ಮಗ್ಗುಲು ಬದಲಿಸಿದರೆ ಸಾಕು, ಕೆರಳುತ್ತದೆ. ನಿಮಿಷಕ್ಕೊಮ್ಮೆ ನರ ತಟ್ಟಿದರೆ ಕೆರಳದಿದ್ದೀತೇ?

ಆದರೆ ಕರೆಂಟೇ ಕಾರಣ ಎಂದು ಅಲ್ಲಿಗೇ ಕೈತೊಳೆದುಕೊಳ್ಳಬೇಡಿ. ಮೂತ್ರದ ನಳಿಗೆ ಕಟ್ಟಿದೆಯೇ, ನಾಲ್ಕು ದಿನದಿಂದ ಮಲ ಹೋಗಿಲ್ಲವೇ, ಬೆನ್ನಿನಲ್ಲಿ ಹುಣ್ಣಾಗಿದೆಯೇ, ಅಪಘಾತದ ದಿನ ಯಾರ ಕಣ್ಣಿಗೂ ಬೀಳದ ಮೂಳೆಮುರಿತ ಇದೆಯೇ, ಎಲ್ಲ ನೋಡಬೇಕು. ಹೇಳಲಾಗದ ನೋವು ಬೆವರಾಗಿ ಹೊರಬರುತ್ತದೆ. ಫಿಟ್ಸ್ ಎಂಬ ಅನುಮಾನವಿದ್ದರೆ ಇಇಜಿ, ಸೋಂಕಿನ ಅನುಮಾನವಿದ್ದರೆ ರಕ್ತಪರೀಕ್ಷೆ. ಬಿರುಗಾಳಿಯನ್ನು ತಗ್ಗಿಸಲು ಪ್ರೊಪ್ರನೊಲಾಲ್, ಗ್ಯಾಬಪೆಂಟಿನ್, ಕ್ಲೊನಿಡಿನ್‌ಗಳಿವೆ, ಆರಿಸುವುದು ವೈದ್ಯರು. ಪೂರ್ತಿ ತಣ್ಣಗಾದ ಮೇಲೆ ಮತ್ತೆ ಶುರುಮಾಡುವುದಾದರೆ ಅರ್ಧ ಕರೆಂಟ್, ಕಾಲು ಅವಧಿ, ನರ್ಸ್ ಪಕ್ಕದಲ್ಲಿದ್ದಾಗ ಮಾತ್ರ.

ಪ್ರಶ್ನೆ: ಎರಡು ವಾರದ ಚಿಕಿತ್ಸೆಯಾಯಿತು. ನಮಗೆ ಮಗ ಸುಧಾರಿಸಿದ ಹಾಗಿದೆ, ಡಾಕ್ಟರಿಗೆ ಏನೂ ಕಾಣುತ್ತಿಲ್ಲ. ಯಾರನ್ನು ನಂಬುವುದು?

ಇಬ್ಬರನ್ನೂ ಅಲ್ಲ, ಬರೆದಿಟ್ಟ ಪುಸ್ತಕವನ್ನು. ಡಾಕ್ಟರು ರೌಂಡ್ಸ್‌ಗೆ ಬಂದ ಐದು ನಿಮಿಷದಲ್ಲಿ ಮಗು ಮಂಪರಿನಲ್ಲಿರಬಹುದು. ಇಡೀ ದಿನ ಪಕ್ಕದಲ್ಲಿ ಕೂತ ತಾಯಿಗೆ, ಆಸೆಯ ಕಣ್ಣಿಗೆ, ಆಕಸ್ಮಿಕವೂ ನೋಟವಾಗಿ ಕಂಡೀತು. ವಯಸ್ಕರಲ್ಲಿ 2009ರಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಅರಿವೇ ಇಲ್ಲ ಎಂದು ವೈದ್ಯತಂಡ ತೀರ್ಮಾನಿಸಿದ್ದವರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಕ್ರಮವಾಗಿ ಅಳೆದಾಗ ಅರಿವಿನ ಕುರುಹು ಸಿಕ್ಕಿತು. ಅಳೆದದ್ದು ಕೋಮಾ ರಿಕವರಿ ಸ್ಕೇಲ್‌ನ ಪರಿಷ್ಕೃತ ರೂಪದಿಂದ: ಕೇಳುವುದು, ನೋಡುವುದು, ಚಲನೆ, ಬಾಯಿ-ಮಾತು, ಸಂವಹನ, ಎಚ್ಚರ ಎಂಬ ಆರು ಭಾಗ, ಒಟ್ಟು 23 ಅಂಕ. ಮಕ್ಕಳಿಗೆ ಹೊಂದಿಸಿದ ರೂಪವೂ ಇದೆ. ಒಮ್ಮೆ ಅಳೆದರೆ ಸಾಲದು. ಹತ್ತು ದಿನದೊಳಗೆ, ಬೇರೆ ಬೇರೆ ಹೊತ್ತಿನಲ್ಲಿ ಐದು ಸಲವಾದರೂ ಬೇಕು.

ಮನೆಯವರು ಮಾಡಬಹುದಾದದ್ದು ಹೀಗೆ. ಮಗುವನ್ನು ಬೆನ್ನು ಎತ್ತರಿಸಿ ಕೂರಿಸಿ, ಟಿವಿ, ಫೋನು ಆರಿಸಿ. ಅಂಗೈಯಗಲದ ಕನ್ನಡಿಯನ್ನು ಮುಖದಿಂದ ಒಂದು ಗೇಣು ದೂರ ಹಿಡಿದು ನಿಧಾನವಾಗಿ ಬಲಕ್ಕೆ, ಎಡಕ್ಕೆ, ಮೇಲೆ, ಕೆಳಗೆ ಸರಿಸಿ. ಆಟಿಕೆಗಿಂತ, ಬೆರಳಿಗಿಂತ ತನ್ನದೇ ಮುಖವನ್ನು ಕಣ್ಣು ಬೇಗ ಹಿಂಬಾಲಿಸುತ್ತದೆ. ಆಮೇಲೆ ಒಂದು ಆಜ್ಞೆ. 'ನನ್ನ ಕೈ ಹಿಸುಕು' ಎನ್ನಬೇಡಿ, ಅಂಗೈಗೆ ಬೆರಳು ತಾಗಿದರೆ ಹಿಡಿಯುವುದು ಎಳೆಗೂಸಿಗೂ ಇರುವ ಪ್ರತಿವರ್ತನೆ. 'ಹೆಬ್ಬೆರಳು ಎತ್ತು', 'ನಾಲಿಗೆ ತೋರಿಸು' ಎನ್ನಿ. ಹೇಳಿ 15 ಸೆಕೆಂಡ್ ಸುಮ್ಮನಿರಿ. ಹೆಚ್ಚಿನವರು ಸೋಲುವುದು ಇಲ್ಲೇ: ಎರಡನೇ ಸೆಕೆಂಡಿಗೇ ಮತ್ತೆ ಹೇಳುತ್ತಾರೆ, ಪೆಟ್ಟಾದ ಮೆದುಳು ಉತ್ತರ ಕಟ್ಟುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಂದು ಬೀಳುತ್ತದೆ. ನಾಲ್ಕು ಸಲ ಕೇಳಿ ಎಷ್ಟು ಸಲ ಮಾಡಿದ ಎಂದು ಬರೆಯಿರಿ. ಕೇಳದೇ ಇರುವಾಗಲೂ ಹೆಬ್ಬೆರಳು ಎಷ್ಟು ಸಲ ತಾನಾಗಿ ಎದ್ದಿತು ಎಂಬುದನ್ನೂ ಬರೆಯಿರಿ. ಗಂಟೆ, ಹಿಂದಿನ ಔಷಧಿ ಯಾವಾಗ ಕೊಟ್ಟದ್ದು, ಕೂತಿದ್ದನೋ ಮಲಗಿದ್ದನೋ, ಇವೂ ಇರಲಿ. ಎರಡು ವರ್ಷದ ಕೂಸಿಗೆ ಈ ಆಜ್ಞೆಗಳು ಪೆಟ್ಟಿಗೆ ಮುಂಚೆಯೂ ಕಷ್ಟವೇ, ಅಂಥಲ್ಲಿ ನೋಟ, ನಗು, ಅಮ್ಮನ ದನಿಗೆ ತಲೆ ತಿರುಗಿಸುವುದು ಇವನ್ನೇ ಎಣಿಸಿ.

ಕರೆಂಟ್ ಶುರುವಾಗುವ ಮುಂಚಿನ ವಾರದ್ದೂ ಇಂಥ ಬರಹ ಇರಲೇಬೇಕು. ಅಪಘಾತದ ಪೆಟ್ಟು ತಿಂದ ಮಕ್ಕಳು ತಿಂಗಳುಗಟ್ಟಲೆ ತಾವಾಗಿ ಸುಧಾರಿಸುತ್ತಲೇ ಇರುತ್ತಾರೆ. ಎರಡನೇ ತಿಂಗಳಲ್ಲಿ ಏನೇ ಶುರುಮಾಡಿದರೂ ಕೀರ್ತಿ ಅದಕ್ಕೇ ಹೋಗುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ. ಆ ಮುಂಚಿನ ವಾರದ ಸುಧಾರಣೆಯ ವೇಗ ಗೊತ್ತಿದ್ದರೆ, ಕರೆಂಟ್ ಬಂದಮೇಲೆ ವೇಗ ಹೆಚ್ಚಿತೇ ಎಂದಾದರೂ ನೋಡಬಹುದು.

ಪ್ರಶ್ನೆ: ಮಗಳು ನೀರಿನಲ್ಲಿ ಮುಳುಗಿ ಬದುಕಿ ಬಂದವಳು, 6 ವರ್ಷ, ಎಂಟು ತಿಂಗಳಾಯಿತು. ಫಿಟ್ಸ್ ನಿಲ್ಲುತ್ತಿಲ್ಲ. ಎದೆಯಲ್ಲಿ ಯಂತ್ರ ಇಡುವ ವೇಗಸ್ ನರದ ಚಿಕಿತ್ಸೆಯಿಂದ ಫಿಟ್ಸೂ ನಿಲ್ಲುತ್ತದೆ, ಪ್ರಜ್ಞೆಯೂ ಬರುತ್ತದೆ ಎಂದು ಕೇಳಿದೆವು. ಕಿವಿಗೆ ಹಾಕುವ ಯಂತ್ರವೂ ಇದೆಯಂತೆ.

ಇವೆರಡು ಬೇರೆ ಬೇರೆ ಆಸೆಗಳು, ಬಿಡಿಸಿ ನೋಡೋಣ. ವೇಗಸ್ ಎಂದರೆ ಮೆದುಳುಕಾಂಡದಿಂದ ಕತ್ತಿನ ಮೂಲಕ ಎದೆ, ಹೊಟ್ಟೆಗೆ ಇಳಿಯುವ ನರ. ಔಷಧಿಗೆ ಬಗ್ಗದ ಫಿಟ್ಸ್‌ಗೆ ವೇಗಸ್ ಯಂತ್ರಕ್ಕೆ ಅಮೆರಿಕದಲ್ಲಿ 1997ರಲ್ಲೇ ಒಪ್ಪಿಗೆ ಸಿಕ್ಕಿದೆ. 2017ರಲ್ಲಿ ವಯಸ್ಸಿನ ಮಿತಿಯನ್ನು 4ಕ್ಕೆ ಇಳಿಸಿದರು. ಎಡ ಕೊರಳೆಲುಬಿನ ಕೆಳಗೆ ಯಂತ್ರವಿಟ್ಟು ಕತ್ತಿನ ಎಡ ವೇಗಸ್ ನರಕ್ಕೆ ತಂತಿ ಸುತ್ತುತ್ತಾರೆ. ಬಲಗಡೆಯದಕ್ಕೆ ಹೃದಯದ ಬಡಿತ ಹುಟ್ಟುವ ಜಾಗದೊಂದಿಗೆ ಸಂಬಂಧ ಹೆಚ್ಚು, ಅದಕ್ಕೇ ಎಡ. ಸಾಮಾನ್ಯವಾಗಿ 30 ಸೆಕೆಂಡ್ ಕೊಟ್ಟು 5 ನಿಮಿಷ ಬಿಡುವು. 0.25 ಮಿಲಿ ಆಂಪಿಯರ್‌ನಿಂದ ವಾರಗಟ್ಟಲೆ ಮೆಲ್ಲನೆ ಏರಿಸುತ್ತ ಹೋಗುತ್ತಾರೆ. ಗುಣ ಕಾಣಲು ತಿಂಗಳುಗಳು ಬೇಕು. ಫಿಟ್ಸ್ ಕಡಿಮೆಯಾಗುವುದುಂಟು, ಪೂರ್ತಿ ನಿಲ್ಲುವುದು ಅಪರೂಪ. ದನಿ ಗೊಗ್ಗರಾಗುವುದು, ಕೆಮ್ಮು ಸಾಮಾನ್ಯ. ನಿದ್ದೆಯಲ್ಲಿ ಉಸಿರು ಕಟ್ಟುವ ಮಕ್ಕಳಲ್ಲಿ ಅದು ಹೆಚ್ಚಬಹುದು. ಆಮೇಲೆ ಎಂಆರ್‌ಐಗೆ ಮುಂಚೆ ಯಂತ್ರದ ವಿವರ ಹೇಳಬೇಕು, ಶಾರ್ಟ್‌ವೇವ್ ಡಯಾಥರ್ಮಿ ಎಂಬ ಶಾಖಚಿಕಿತ್ಸೆ ಎಂದಿಗೂ ಕೂಡದು. ತಲೆಯಲ್ಲಿ ಹೊರಗಿನಿಂದ ಹೊಂದಿಸುವ ಬಗೆಯ ಶಂಟ್ ಇದ್ದರೆ ವೇಗಸ್ ಯಂತ್ರದ ಜೊತೆ ಕೊಡುವ ಅಯಸ್ಕಾಂತವನ್ನು ಅದರ ಹತ್ತಿರ ಒಯ್ಯಬಾರದು.

ಪ್ರಜ್ಞೆಯ ಮಾತು ಬೇರೆ. 15 ವರ್ಷ ಅರಿವಿಲ್ಲದೆ ಮಲಗಿದ್ದ 35ರ ವ್ಯಕ್ತಿಯೊಬ್ಬನಲ್ಲಿ ಈ ಯಂತ್ರದಿಂದ ಅರಿವಿನ ಕುರುಹು ಕಂಡಿತೆಂದು ಫ್ರಾನ್ಸಿನ ತಂಡ 2017ರಲ್ಲಿ ಪ್ರಕಟಿಸಿತು. ನೀವು ಕೇಳಿದ್ದು ಆ ಸುದ್ದಿಯ ಪ್ರತಿಧ್ವನಿ ಇರಬೇಕು. ಅದು ಒಬ್ಬನೇ ರೋಗಿ, ವಯಸ್ಕ. ಮುಳುಗಿದ ಮಗುವಿನ ಮೆದುಳಿಗೆ ಆಗುವ ಹಾನಿಯ ಬಗೆಯೂ ಬೇರೆ. ಅಪಘಾತದಲ್ಲಿ ಮುಖ್ಯವಾಗಿ ನರತಂತುಗಳು ಜಗ್ಗಿ ಹರಿಯುತ್ತವೆ, ಒಂದಷ್ಟು ಕೋಶಗಳು ಉಳಿದಿರುತ್ತವೆ. ಆಮ್ಲಜನಕ ನಿಂತಾಗ ಹೊರಪದರದ, ಥಾಲಮಸ್‌ನ ಕೋಶಗಳೇ ಸಾಯುತ್ತವೆ. ತಟ್ಟಿದರೆ ಓಗೊಡಲು ಒಳಗೆ ಯಾರಾದರೂ ಇರಬೇಕಲ್ಲ. ಕಟುವಾಗಿ ಕೇಳಿಸಬಹುದು, ಆದರೆ ಪ್ರಜ್ಞೆಯ ಆಸೆಯಿಂದ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ. ಫಿಟ್ಸ್‌ಗಾಗಿ ಬೇಕೆಂದು ಮಕ್ಕಳ ನರತಜ್ಞರು ಹೇಳಿದರೆ ಒಪ್ಪಬಹುದು.

ಕಿವಿಯ ಯಂತ್ರ ಹೊರಗಿನಿಂದಲೇ ಕೆಲಸ ಮಾಡುತ್ತದೆ. ಕಿವಿಯ ಹೊರಭಾಗದ ತಗ್ಗಿನಲ್ಲಿ ವೇಗಸ್‌ನ ಒಂದು ಸಣ್ಣ ಕವಲು ಇದೆ, ಅಲ್ಲಿ 25 ಹರ್ಟ್ಜ್ ಆಸುಪಾಸಿನ ಮಿಡಿತ ಕೊಡುತ್ತಾರೆ. ಶಸ್ತ್ರಚಿಕಿತ್ಸೆಯಿಲ್ಲ ಎಂಬುದು ದೊಡ್ಡ ಅನುಕೂಲ. ಆದರೆ ದೊಡ್ಡವರ ಅಳತೆಯ ಕ್ಲಿಪ್ ಮಕ್ಕಳ ಕಿವಿಯಲ್ಲಿ ನಿಲ್ಲುವುದಿಲ್ಲ, ಪಕ್ಕಕ್ಕೆ ಮಲಗಿದರೆ ಒತ್ತಿ ಗಾಯವಾಗುತ್ತದೆ. ಈ ಚಿಕಿತ್ಸೆ ಇನ್ನೂ ಸಂಶೋಧನೆಯ ಅಂಗಳದಲ್ಲೇ ಇದೆ.

ಪ್ರಶ್ನೆ: ತಲೆಬುರುಡೆಯ ಒಂದು ಭಾಗ ತೆಗೆದಿದ್ದಾರೆ, ಶಂಟ್ ಕೂಡ ಇದೆ. ಮಣಿಕಟ್ಟಿಗೆ ಕರೆಂಟ್ ಕೊಡಬಹುದೇ?

ಮಣಿಕಟ್ಟಿಗಾದರೆ ಇವೆರಡೂ ಅಡ್ಡಿಯಲ್ಲ. ಪೇಸ್‌ಮೇಕರ್ ಇದ್ದರೆ, ಫಿಟ್ಸ್ ಹತೋಟಿಗೆ ಬಂದಿರದಿದ್ದರೆ ಬೇಡ. ತಲೆಗೇ ನೇರ ಕರೆಂಟ್ ಕೊಡುವ ಬೇರೆ ಬಗೆಯ ಚಿಕಿತ್ಸೆಯಲ್ಲಿ ಮಾತ್ರ ಮೂಳೆಯಿಲ್ಲದ ಜಾಗ ಕರೆಂಟಿನ ದಾರಿಯನ್ನೇ ಬದಲಿಸುತ್ತದೆ, ಅಲ್ಲಿ ಎಚ್ಚರಿಕೆ ಬೇಕು.

ಪ್ರಶ್ನೆ: ಎಷ್ಟು ದಿನ ಕೊಟ್ಟು ನೋಡಬೇಕು?

ಎರಡು ವಾರ ಪೂರ್ತಿ ಅವಧಿಗೆ ಕೊಟ್ಟು ಮತ್ತೆ ಅಳೆಯಿರಿ. ಕರೆಂಟ್ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯದವರು ಅಳೆದರೆ ಇನ್ನೂ ಒಳ್ಳೆಯದು. ಅಂಕ ಏರಿದ್ದರೆ ಇನ್ನೆರಡು ವಾರ. ಅಲ್ಲಾಡದೆ ನಿಂತಿದ್ದರೆ ಯಂತ್ರ ತೆಗೆದಿಡಿ, ತಿಂಗಳುಗಟ್ಟಲೆ ಎಳೆಯಬೇಡಿ. ನಡುವೆ ಒಂದು ನಷ್ಟದ ಮೇಲೆ ಕಣ್ಣಿರಲಿ: ದಿನಕ್ಕೆ 8 ಗಂಟೆ ತಂತಿಗೆ ಕಟ್ಟಿದ ಕೈ ಎಂದರೆ 8 ಗಂಟೆ ಸ್ಪ್ಲಿಂಟ್ (ಕೈಯನ್ನು ನೇರ ಹಿಡಿದಿಡುವ ಪಟ್ಟಿ) ಇಲ್ಲದ ಕೈ. ಮಣಿಕಟ್ಟು ಒಳಕ್ಕೆ ಮಡಚಿಕೊಂಡು ಸೆಡೆತು ನಿಂತರೆ ನಾಳೆ ಎಚ್ಚರವಾದ ಮಗುವಿಗೆ ಚಮಚ ಹಿಡಿಯಲು ಆ ಕೈ ಬರುವುದಿಲ್ಲ. ಆದ್ದರಿಂದ ಬೆಳಗಿನ ಫಿಸಿಯೊ, ಟಿಲ್ಟ್ ಟೇಬಲ್ (ಓರೆಯಾಗಿ ಎತ್ತಬಲ್ಲ ಮೇಜು) ಮೇಲೆ ನಿಲ್ಲಿಸುವುದು ಮೊದಲು ಮುಗಿಯಲಿ, ಕರೆಂಟ್ ಆಮೇಲೆ. ಬೆರಳು ಮತ್ತು ಮಣಿಕಟ್ಟನ್ನು ಮೂರು ಹೊತ್ತು ನಿಧಾನವಾಗಿ ಪೂರ್ತಿ ಬಿಡಿಸಿ, ರಾತ್ರಿ ಪ್ಯಾಡ್ ಗುರುತು ಮಾಸಿದ ಮೇಲೆ ಸ್ಪ್ಲಿಂಟ್ ಕಟ್ಟಿ ಮಲಗಿಸಿ.